ಮೂಲೆ ಸೇರಿದ ಲ್ಯಾಪ್‌ಟಾಪ್



ನಿಮ್ಮ ಮನೆಯ ಲ್ಯಾಪ್‌ಟಾಪ್ ತೆರೆದಾಗ ಪರದೆಯ ತುಂಬ ಒಂದು ಎಚ್ಚರಿಕೆ ಕಾಣಿಸಿಕೊಂಡಿತೇ? ವಿಂಡೋಸ್ 10ರ ಕಾಲ ಮುಗಿಯಿತು, ನಿಮ್ಮ ಕಂಪ್ಯೂಟರ್ ವಿಂಡೋಸ್ 11ಕ್ಕೆ ಅರ್ಹವಲ್ಲ ಎಂಬ ಅರ್ಥದ ಸೂಚನೆ ಅದು. ನಮ್ಮ ಜೇವರ್ಗಿ ಕಾಲೋನಿಯಲ್ಲಿ ಅದನ್ನು ಕಂಡು ಗಾಬರಿಯಾದವರು ಒಬ್ಬಿಬ್ಬರಲ್ಲ. "ಆಪಾ, ಮಷೀನು ಕೆಟ್ಟಿತೇ? ಮಗಳ ಡಿಗ್ರಿ ಇನ್ನೂ ಎರಡು ವರ್ಷ ಇದೆಯಲ್ಲ" ಎಂದು ಕೇಳಿದ ತಾಯಂದಿರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: ಕೆಟ್ಟಿಲ್ಲ.

ವಿಷಯ ಹೀಗಿದೆ. 2015ರ ಜುಲೈಯಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪೆನಿ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ನವೀಕರಣ ಕೊಡುವುದಾಗಿ ಹೇಳಿತು. ಅವಧಿ ಮುಗಿದ ಮಾತ್ರಕ್ಕೆ ಯಂತ್ರ ನಿಂತುಹೋಗುವುದಿಲ್ಲ. ಆದರೆ ಹೊಸದಾಗಿ ಕಂಡುಬರುವ ದೋಷಗಳನ್ನು ಸರಿಪಡಿಸುವವರು ಇರುವುದಿಲ್ಲ. ಮನೆ ಗಟ್ಟಿಯಾಗಿದೆ, ಬೀಗ ದುರಸ್ತಿ ಮಾಡುವವನು ಬರುವುದನ್ನು ಬಿಟ್ಟಿದ್ದಾನೆ ಎಂದು ತಿಳಿಯಿರಿ. ಬ್ಯಾಂಕಿನ ಲೆಕ್ಕ, ಆಧಾರ್ ಪ್ರತಿ, ಸ್ಕಾಲರ್‌ಶಿಪ್ ಅರ್ಜಿ ಎಲ್ಲವೂ ಅದೇ ಯಂತ್ರದಲ್ಲಿದ್ದರೆ ಇದು ಸಣ್ಣ ಮಾತಲ್ಲ.

ಹಾಗಾದರೆ ವಿಂಡೋಸ್ 11 ಏಕೆ ಹತ್ತುವುದಿಲ್ಲ? ಬಹಳಷ್ಟು ಸಲ ಯಂತ್ರಕ್ಕೆ ಬಲ ಇಲ್ಲವೆಂದಲ್ಲ. 4 ಜಿಬಿ ರ‍್ಯಾಮ್, 64 ಜಿಬಿ ಜಾಗ ನಮ್ಮ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಇದ್ದೇ ಇರುತ್ತದೆ. ತಡೆಯುವುದು ಎರಡು ಷರತ್ತುಗಳು. ಒಂದು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ. ಗುಪ್ತ ಕೀಲಿಗಳನ್ನು ಕಾಯುವ ಸಣ್ಣ ತಿಜೋರಿಯಂಥದ್ದು. ಇನ್ನೊಂದು, ಪ್ರೊಸೆಸರ್ ಕಂಪೆನಿಯ ಪಟ್ಟಿಯಲ್ಲಿ ಇರಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆ ಅಥವಾ ನಂತರದ್ದು. ನಿಮ್ಮದು ಯಾವುದೆಂದು ಸೆಟ್ಟಿಂಗ್ಸ್‌ನ 'ಅಬೌಟ್' ಪುಟದಲ್ಲಿ ನೋಡಿ. ಅಲ್ಲಿ 'ಐ5-7200' ಎಂದಿದ್ದರೆ ಅಡ್ಡಗೆರೆಯ ನಂತರದ 7 ಅಂದರೆ ಏಳನೇ ಪೀಳಿಗೆ. ಒಂದೇ ಹೆಜ್ಜೆಯಲ್ಲಿ ತಪ್ಪಿತು! ಕೆಲವು ಯಂತ್ರಗಳಲ್ಲಿ ಟಿಪಿಎಂ ಇದ್ದೂ ಆಫ್ ಆಗಿರುತ್ತದೆ. ಪ್ರೊಸೆಸರ್ ಎಂಟನೇ ಪೀಳಿಗೆಯದಾಗಿದ್ದರೆ ಮೊದಲು ಬಯೋಸ್‌ನಲ್ಲಿ ಅದನ್ನು ಆನ್ ಮಾಡಿಸಿ ನೋಡಿ. ಅಷ್ಟಕ್ಕೇ ಕೆಲಸ ಮುಗಿದೀತು.

ಅದಾಗದಿದ್ದರೆ ರಿಪೇರಿ ಅಂಗಡಿಯಲ್ಲಿ ಸಿಗುವ ಉತ್ತರ ನಿಮಗೆ ಗೊತ್ತು: "ಬಿಟ್ಟು ಹೋಗಿ, ಸಂಜೆಗೆ 11 ಹಾಕಿ ಕೊಡುತ್ತೇನೆ." ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ, ಬೆರೆಸಬೇಡಿ. ಅಸಲಿ ಲೈಸೆನ್ಸ್ ಇರುವ ಯಂತ್ರದಲ್ಲಿ ಆ ಷರತ್ತುಗಳ ತಪಾಸಣೆಯನ್ನು ದಾಟಿಸಿ 11 ಹಾಕುವುದು ಒಂದು. ಇದು ಸಾಧ್ಯ, ಅನೇಕರು ಮಾಡಿಕೊಂಡಿದ್ದಾರೆ. ಆದರೆ ಅಂಥ ಯಂತ್ರಕ್ಕೆ ನವೀಕರಣ ಸಿಗುವ ಭರವಸೆ ಇಲ್ಲವೆಂದು ಕಂಪೆನಿ ಸ್ಪಷ್ಟವಾಗಿ ಹೇಳಿದೆ. ಇವತ್ತು ನಡೆದದ್ದು ಮುಂದಿನ ವರ್ಷ ನಿಂತರೆ ಕೇಳುವ ಹಾಗಿಲ್ಲ. ಇನ್ನೊಂದು, 'ಕ್ರ್ಯಾಕ್' ಮಾಡಿದ ಪ್ರತಿ. ಅದು ಬೇರೆಯವರ ಮಾಲು. ಅನುಮತಿಯಿಲ್ಲದೆ ಬಳಸುವುದು ಜಾಯಿಝ್ ಅಲ್ಲ ಎಂಬುದನ್ನು ನಮ್ಮ ಮನೆಗಳಲ್ಲಿ ಯಾರೂ ಯೋಚಿಸುವುದೇ ಇಲ್ಲ. ಅಂಗಡಿಯಿಂದ ತಂದ ಬೇಳೆಯ ತೂಕದಲ್ಲಿ ಅಷ್ಟು ಕಟ್ಟುನಿಟ್ಟಾಗಿರುವವರು ಇಲ್ಲಿ ಮಾತ್ರ ಸಡಿಲ! ಧರ್ಮದ ಮಾತು ಪಕ್ಕಕ್ಕಿಟ್ಟರೂ, ಬೀಗ ಒಡೆಯುವ ಆ ತಂತ್ರಾಂಶದ ಜೊತೆಗೆ ಇನ್ನೇನು ಒಳಗೆ ಬಂದಿದೆಯೆಂದು ಹಾಕಿದವನಿಗೂ ತಿಳಿದಿರುವುದಿಲ್ಲ.

ಇನ್ನೊಂದು ವಿಷಯ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಲ್ಯಾಪ್‌ಟಾಪಿನಲ್ಲಿ ಮನೆಯ ಫೋಟೋಗಳಿವೆ. ನಿಕಾಹ್, ಮೆಹಂದಿ, ತವರುಮನೆಯ ಈದ್, ಹೊರಗಿನವರು ನೋಡಬಾರದವು. ಅದನ್ನು ಅಪರಿಚಿತರ ಕೈಯಲ್ಲಿ ಇಡೀ ದಿನ ಬಿಟ್ಟುಬರಲು ಮನಸ್ಸಾಗದೆ ಎಷ್ಟೋ ಯಂತ್ರಗಳು ಅಲ್ಮೇರಾದ ಮೇಲೆ ಧೂಳು ತಿನ್ನುತ್ತಿವೆ. ನಮ್ಮ ಕಲಬುರಗಿಯ ಧೂಳು ಗೊತ್ತಲ್ಲ. ಈ ಕೆಲಸವನ್ನು ನಾವೇ ಮನೆಯಲ್ಲಿ ಕಲಿಯಬೇಕೆಂದು ನಾನು ಒತ್ತಾಯಿಸುವುದು ಮುಖ್ಯವಾಗಿ ಈ ಕಾರಣಕ್ಕೆ. ಬಡ್ಡಿಯ ಕಂತಿನಲ್ಲಿ ಮೂವತ್ತು ನಲವತ್ತು ಸಾವಿರದ ಹೊಸದನ್ನು ತರುವ ಪ್ರಶ್ನೆ ಆಮೇಲಿನದು.

ಕಲಿಯಬಹುದಾದ ದಾರಿ ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಅದರ ತಿರುಳನ್ನು ಬರೆದು ಹಂಚಿದ. ಇಂದು ಅದರ ಮೇಲೆ ಕಟ್ಟಿದ ಹಲವು ಪೂರ್ಣ ವ್ಯವಸ್ಥೆಗಳು ಬೆಲೆಯಿಲ್ಲದೆ ಸಿಗುತ್ತವೆ; ನಕಲು ಮಾಡಿ ಇತರರಿಗೆ ಕೊಡಲು ಲೈಸೆನ್ಸೇ ಅನುಮತಿ ನೀಡುತ್ತದೆ. "ಇದು ದೊಡ್ಡ ಇಂಜಿನಿಯರುಗಳಿಗೆ" ಎನ್ನಬೇಡಿ. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ವರ್ಷಗಳಿಂದ ಕಂಪ್ಯೂಟರ್ ಕಲಿಯುತ್ತಿರುವುದು ಲಿನಕ್ಸ್‌ನಲ್ಲೇ. ಕೇರಳದ ಐಟಿ@ಸ್ಕೂಲ್ ಯೋಜನೆ, 2017ರಿಂದ 'ಕೈಟ್' ಎಂಬ ಹೆಸರಿನಲ್ಲಿ, ಶಾಲೆಗಳಿಗಾಗಿಯೇ ಅದನ್ನು ಹದಗೊಳಿಸಿ ಕೊಡುತ್ತ ಬಂದಿದೆ. ನಮ್ಮ ರಾಜ್ಯದಲ್ಲೂ 2011ರಿಂದ ಕೆಲವು ವರ್ಷ ಸರಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಉಬುಂಟು ಲಿನಕ್ಸ್‌ನಲ್ಲಿ ತರಬೇತಿ ನಡೆಯಿತು. ಬೆಂಗಳೂರಿನ ಗುರಪ್ಪನಪಾಳ್ಯದ ಬಳಿಯ ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರ ಆರಂಭವಾಗಿ ಹದಿನೈದು ವರ್ಷಕ್ಕೂ ಹೆಚ್ಚಾಯಿತು. ಅಲ್ಲಿ ಹಳೆಯ ಯಂತ್ರಗಳ ಮೇಲೆ ಇದನ್ನೇ ಹಾಕಿಕೊಂಡು, ಕೂಲಿಕಾರರ ಮಕ್ಕಳು 'ಗಿಂಪ್' ತಂತ್ರಾಂಶದಲ್ಲಿ ಚೆಂದದ ಚಿತ್ರಗಳನ್ನು ಬಿಡಿಸಿದರು.

ಮೊದಲ ಸಲಕ್ಕೆ ನಾನು ಸೂಚಿಸುವುದು ಲಿನಕ್ಸ್ ಮಿಂಟ್. ಅದರ ಮುಖ ವಿಂಡೋಸ್‌ನಂತೆಯೇ: ಕೆಳಗೆ ಪಟ್ಟಿ, ಎಡಗಡೆ ಮೆನು. 2024ರಲ್ಲಿ ಬಂದ 22ನೇ ಸರಣಿಗೆ 2029ರವರೆಗೆ ಬೆಂಬಲವಿದೆ. 4 ಜಿಬಿ ರ‍್ಯಾಮ್ ಇದ್ದರೆ ಆರಾಮ. 2 ಜಿಬಿ ಮಾತ್ರ ಇದ್ದರೆ ಅದರ ಹಗುರ ಆವೃತ್ತಿ ಎಕ್ಸ್‌ಎಫ್‌ಸಿಇ ತೆಗೆದುಕೊಳ್ಳಿ, ಸ್ವಲ್ಪ ತಾಳ್ಮೆಯನ್ನೂ ಇಟ್ಟುಕೊಳ್ಳಿ. 32 ಬಿಟ್‌ನ ತೀರಾ ಹಳೆಯ ಯಂತ್ರಕ್ಕೆ ಇದು ಹಿಡಿಯುವುದಿಲ್ಲ.

ಕೆಲಸಕ್ಕೆ ಕೈಹಚ್ಚುವ ಮೊದಲು, ದಯವಿಟ್ಟು ಗಮನವಿಟ್ಟು ಓದಿ, ಎಲ್ಲ ಕಡತಗಳನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಿ ಡ್ರೈವ್ ಎಲ್ಲವನ್ನೂ. ನಕಲಾದ ಮೇಲೆ ನಾಲ್ಕೈದು ಫೋಟೋಗಳನ್ನು ಆ ಡಿಸ್ಕಿನಿಂದಲೇ ತೆರೆದು ನೋಡಿ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಒಮ್ಮೆ ಅಳಿಸಿದ್ದು ಮರಳಿ ಬರುವುದು ಕಷ್ಟ.

ಆಮೇಲೆ 8 ಜಿಬಿಯ ಒಂದು ಪೆನ್‌ಡ್ರೈವ್ ಸಾಕು. ಮಿಂಟ್‌ನ ಕಡತ ಸುಮಾರು 3 ಜಿಬಿ. ಮಿಂಟ್‌ನ ಅಧಿಕೃತ ಜಾಲತಾಣದಿಂದ ಮಾತ್ರ ಇಳಿಸಿಕೊಳ್ಳಿ. 'ರುಫಸ್' ಎಂಬ ಪುಟ್ಟ ಉಚಿತ ತಂತ್ರಾಂಶದಿಂದ ಅದನ್ನು ಪೆನ್‌ಡ್ರೈವಿಗೆ ಬರೆಯಬೇಕು; ಬರೀ ಕಾಪಿ-ಪೇಸ್ಟ್ ಮಾಡಿದರೆ ನಡೆಯದು. ಪೆನ್‌ಡ್ರೈವಿನಲ್ಲಿದ್ದ ಹಳೆಯದೆಲ್ಲ ಅಳಿಯುತ್ತದೆ ಎಂಬುದೂ ನೆನಪಿರಲಿ. ನಂತರ ಲ್ಯಾಪ್‌ಟಾಪನ್ನು ಆಫ್ ಮಾಡಿ, ಆನ್ ಮಾಡುತ್ತಲೇ ಎಫ್12 ಒತ್ತುತ್ತಿರಿ. ಎಚ್‌ಪಿ ಆದರೆ ಎಸ್ಕೇಪ್ ಅಥವಾ ಎಫ್9. ಪಟ್ಟಿಯಲ್ಲಿ ಪೆನ್‌ಡ್ರೈವನ್ನು ಆರಿಸಿ.

ಇಲ್ಲಿ ಒಂದು ಸೊಗಸಿದೆ. ಏನನ್ನೂ ಅಳಿಸದೆ, ಏನನ್ನೂ ಹಾಕದೆ, ಮಿಂಟ್ ನೇರವಾಗಿ ಪೆನ್‌ಡ್ರೈವಿನಿಂದಲೇ ತೆರೆದುಕೊಳ್ಳುತ್ತದೆ. ಸೀರೆ ಉಟ್ಟು ನೋಡಿ ಕೊಳ್ಳುವ ಅಂಗಡಿ ಇದ್ದ ಹಾಗೆ! ವೈಫೈ ಸಿಗುತ್ತದೆಯೇ, ಶಬ್ದ ಬರುತ್ತದೆಯೇ, ಕ್ಯಾಮರಾ, ಪ್ರಿಂಟರ್ ನಡೆಯುತ್ತವೆಯೇ ಎಂದು ಒಂದು ಗಂಟೆ ಪರೀಕ್ಷಿಸಿ. ಕೆಲವು ವೈಫೈ ಚಿಪ್‌ಗಳು, ಕೆಲವು ಹಳೆಯ ಪ್ರಿಂಟರುಗಳು ಹಟ ಹಿಡಿಯುವುದುಂಟು. ಒಪ್ಪಿಗೆಯಾಗದಿದ್ದರೆ ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ, ಹಳೆಯ ವಿಂಡೋಸ್ ಹಾಗೇ ಇರುತ್ತದೆ. ಒಪ್ಪಿಗೆಯಾದರೆ ಮಾತ್ರ ತೆರೆಯ ಮೇಲಿನ 'ಇನ್‌ಸ್ಟಾಲ್' ಚಿತ್ರ ಒತ್ತಿ. ಚಾರ್ಜರ್ ಹಾಕಿರಲಿ, ಬ್ಯಾಟರಿ ಸತ್ತ ಯಂತ್ರವಾದರೆ ಕರೆಂಟ್ ಹೋಗುವ ಹೊತ್ತನ್ನು ನೋಡಿಕೊಂಡು ಕೂರಿ, ಬೇಸಿಗೆಯಲ್ಲಂತೂ ಖಂಡಿತ. ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸಲು ಸಾಧ್ಯವಾದರೆ ವೇಗದಲ್ಲಿ ಆಗುವ ಬದಲಾವಣೆ ಕಣ್ಣಿಗೇ ಕಾಣುತ್ತದೆ. ಹೇಗೂ ಆ ಹೊತ್ತಿಗೆ ಫೋಟೋಗಳಿದ್ದ ಹಳೆಯ ಡಿಸ್ಕ್ ನಿಮ್ಮ ಕೈಯಲ್ಲೇ ಉಳಿಯುತ್ತದೆ.

ಎಲ್ಲರಿಗೂ ಇದು ಸರಿಯೆಂದು ಹೇಳಲಾರೆ. ಮನೆಯಲ್ಲೇ ಕೂತು ನುಡಿಯಲ್ಲಿ ಡಿಟಿಪಿ ಮಾಡುವವರು, ಇನ್‌ಪೇಜ್‌ನಲ್ಲಿ ಉರ್ದು ಪುಟ ಕಟ್ಟುವವರು, ಟ್ಯಾಲಿಯಲ್ಲಿ ಅಂಗಡಿಯ ಲೆಕ್ಕ ಬರೆಯುವವರು ವಿಂಡೋಸ್ ಬಿಡಬೇಡಿ. ಆ ತಂತ್ರಾಂಶಗಳು ಅದಕ್ಕೆಂದೇ ಮಾಡಿದವು. ಆದರೆ ಬ್ರೌಸರ್, ಪತ್ರ, ಪಾಠದ ವೀಡಿಯೋ, ಅರ್ಜಿ ಇಷ್ಟೇ ನಿಮ್ಮ ಅಗತ್ಯವಾದರೆ ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎರಡೂ ಮಿಂಟ್‌ನ ಜೊತೆಗೇ ಬರುತ್ತವೆ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ 'ಕಗಪ' ವಿನ್ಯಾಸವಿದೆ, ನುಡಿ ಬಲ್ಲ ಬೆರಳುಗಳಿಗೆ ಅದು ಹೊಸದಲ್ಲ. ಉರ್ದುವಿನ ಫೋನೆಟಿಕ್ ವಿನ್ಯಾಸವೂ ಇದೆ. ನೋಟೋ ನಸ್ತಾಲೀಖ್ ಅಕ್ಷರಗಳನ್ನು ಹಾಕಿಕೊಂಡರೆ ಕನ್ನಡದ ಪತ್ರವನ್ನೂ ನಾನಿಯ ಉರ್ದು ಖತ್ತನ್ನೂ ಒಂದೇ ಕಡತದಲ್ಲಿ ಬರೆಯಬಹುದು.

ಕೆಲಸ ಮುಗಿದ ಮೇಲೆ ಪೆನ್‌ಡ್ರೈವನ್ನು ಅಳಿಸಬೇಡಿ. ಎಷ್ಟು ಯಂತ್ರಗಳಿಗಾದರೂ ಅದೇ ನಡೆಯುತ್ತದೆ. ನಮ್ಮ ಓಣಿಯ ಪೆನ್‌ಡ್ರೈವ್ ಈಗ ನಾಲ್ಕನೇ ಮನೆಯಲ್ಲಿದೆ. ಮುಂದಿನ ಶುಕ್ರವಾರ ಕಮಲಾಪುರಕ್ಕೆ ಹೊರಡಲಿದೆ, ಬಿ.ಕಾಂ. ಓದುವ ಇಬ್ಬರು ಅಕ್ಕ ತಂಗಿಯರ ಬಳಿಗೆ.