ಚೆಪಾಕ್‌ನಲ್ಲಿರುವುದು ನೆಹರೂ ಕ್ರೀಡಾಂಗಣದಲ್ಲಿ ಏಕಿಲ್ಲ?

ಚೆನ್ನೈನ ಚೆಪಾಕ್‌ನಲ್ಲಿ ಅಂಪೈರ್ ಎಡವಿದರೆ ನಾಯಕ ಕೈಯಲ್ಲಿ ‘ಟಿ’ ಗುರುತು ತೋರಿಸಿ ಮರುಪರಿಶೀಲನೆ ಕೇಳುತ್ತಾನೆ. ಕೆಲವೇ ಕಿಲೋಮೀಟರ್ ದೂರದ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ತಂಡ ಚೆನ್ನೈಯಿನ್ ಎಫ್‌ಸಿ ಆಡುವಾಗ ರೆಫರಿ ಎಡವಿದರೆ ಆ ಹಕ್ಕು ಯಾರಿಗೂ ಇಲ್ಲ. ಟಿ.ವಿ. ಮುಂದೆ ಕುಳಿತವರೆಲ್ಲ ಕಂಡ ತಪ್ಪು, ತೀರ್ಪು ಕೊಡಬೇಕಾದವರಿಗೆ ಮಾತ್ರ ಕಾಣದು. 2024-25ರಲ್ಲೂ ಇಂಡಿಯನ್ ಸೂಪರ್ ಲೀಗ್ ವಿಡಿಯೊ ನೆರವಿಲ್ಲದೆಯೇ ಮುಗಿಯಿತು.

‘ತಪ್ಪೂ ಆಟದ ಒಂದು ಭಾಗ’ ಎಂಬ ಹಳೆಯ ಮಾತು ಇಲ್ಲಿ ಸಬೂಬು ಅಷ್ಟೆ. 2024ರ ಜೂನ್ 11ರಂದು ದೋಹಾದಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ. ಛಾಂಗ್ಟೆ ಹೊಡೆದ ಗೋಲಿನಿಂದ ಭಾರತ ಮುಂದಿತ್ತು. ಗೆರೆ ದಾಟಿ ಹೊರಹೋಗಿದ್ದ ಚೆಂಡನ್ನು ಎಳೆದು ತಂದು ಕತಾರ್ ಸಮಬಲ ಸಾಧಿಸಿತು. ರೆಫರಿ ಗೋಲು ಕೊಟ್ಟರು. ಆ ಸುತ್ತಿನಲ್ಲಿ ವಿಡಿಯೊ ರೆಫರಿ ಇರಲಿಲ್ಲ. ಭಾರತ 1-2ರಿಂದ ಸೋತು ಹೊರಬಿತ್ತು. ಒಂದೇ ಒಂದು ರೀಪ್ಲೇ ಸಾಕಿತ್ತು.

ಹಾಗೆಂದು ಕ್ಯಾಮೆರಾ ಎಲ್ಲ ಜಗಳವನ್ನೂ ತೀರಿಸದು. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕೇರಳ ಬ್ಲಾಸ್ಟರ್ಸ್ ತಡೆಗೋಡೆ ಕಟ್ಟುವ ಮೊದಲೇ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದರು. ಗೋಲನ್ನು ರೆಫರಿ ಕ್ರಿಸ್ಟಲ್ ಜಾನ್ ಮಾನ್ಯ ಮಾಡಿದಾಗ ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಮೈದಾನದಿಂದ ಕರೆದೊಯ್ದರು. ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ. ಅಲ್ಲಿದ್ದ ಪ್ರಶ್ನೆ ಚೆಂಡಿನದಲ್ಲ, ಸೀಟಿಗೆ ಕಾಯಬೇಕಿತ್ತೇ ಎಂಬುದು. ಅದನ್ನು ರೆಫರಿಯೇ ಸ್ಪಷ್ಟಪಡಿಸಬೇಕು, ಯಂತ್ರವಲ್ಲ.

ನೋಡುವ ಕಣ್ಣು ತಪ್ಪಿದರೆ ರೀಪ್ಲೇಯೂ ಕುರುಡು ಎಂಬುದಕ್ಕೆ ಚೆಪಾಕ್ ಸಾಕ್ಷಿಯಾಗಿದೆ. 2021ರ ಫೆಬ್ರುವರಿ 13ರಂದು ಜಾಕ್ ಲೀಚ್ ಬೌಲಿಂಗ್‌ನಲ್ಲಿ ಅಜಿಂಕ್ಯ ರಹಾನೆ ವಿರುದ್ಧ ಇಂಗ್ಲೆಂಡ್ ಕ್ಯಾಚ್ ಕೇಳಿತು. ಚೆಂಡು ಪ್ಯಾಡ್‌ಗೆ ಬಡಿದ ಮೇಲೆ ಗ್ಲೌಸ್ ಸವರಿತ್ತು. ಮೂರನೇ ಅಂಪೈರ್ ದೃಶ್ಯವನ್ನು ಅಷ್ಟು ಮುಂದಕ್ಕೆ ಓಡಿಸದೆ ಎಲ್‌ಬಿಡಬ್ಲ್ಯು ಪರೀಕ್ಷೆಗೆ ಜಾರಿದರು, ರಹಾನೆ ಉಳಿದರು. ಕಳೆದುಕೊಂಡ ರಿವ್ಯೂ ಇಂಗ್ಲೆಂಡ್‌ಗೆ ಆಮೇಲೆ ಮರಳಿತು. 2023ರ ಸೆಪ್ಟೆಂಬರ್ 30ರಂದು ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಟಾಟೆನ್‌ಹ್ಯಾಮ್ ವಿರುದ್ಧ ಹೊಡೆದ ಗೋಲಿನ ಕಥೆ ಇನ್ನೂ ಹಾಸ್ಯಾಸ್ಪದ: ಮೈದಾನದ ತೀರ್ಪು ಏನೆಂಬುದನ್ನೇ ವಿಡಿಯೊ ಕೋಣೆಯವರು ತಪ್ಪಾಗಿ ತಿಳಿದು ‘ಪರಿಶೀಲನೆ ಮುಗಿಯಿತು’ ಎಂದುಬಿಟ್ಟರು.

ಆದರೂ ಈ ಎಡವಟ್ಟುಗಳನ್ನು ತೋರಿಸಿ ರೀಪ್ಲೇಯನ್ನೇ ಬೇಡವೆನ್ನುವುದು ಮೊಂಡುತನ. ಕ್ರಿಕೆಟ್ 1992ರಲ್ಲಿ ಡರ್ಬನ್‌ನಲ್ಲಿ ಸಚಿನ್ ತೆಂಡೂಲ್ಕರ್ ಅವರ ರನೌಟ್‌ನಿಂದ ಈ ದಾರಿ ಹಿಡಿದು, ತಪ್ಪುತ್ತ ತಿದ್ದಿಕೊಳ್ಳುತ್ತ ಬಂದಿದೆ. ಫುಟ್‌ಬಾಲ್‌ನ ವಿಶ್ವಕಪ್ 2018ರಲ್ಲೇ ವಿಡಿಯೊ ರೆಫರಿಯನ್ನು ಒಪ್ಪಿಕೊಂಡಿತು. ದುಬಾರಿ ಎನ್ನುವ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟಕ್ಕೆ ಅಗ್ಗದ ದಾರಿಯೂ ಈಗ ತೆರೆದಿದೆ. 2024ರಲ್ಲಿ ಕೊಲಂಬಿಯಾದ 20 ವರ್ಷದೊಳಗಿನ ಮಹಿಳಾ ವಿಶ್ವಕಪ್‌ನಲ್ಲಿ ಫಿಫಾ ಪ್ರಯೋಗಿಸಿದ ‘ಫುಟ್‌ಬಾಲ್ ವಿಡಿಯೊ ಸಪೋರ್ಟ್’ನಲ್ಲಿ ಪ್ರತ್ಯೇಕ ವಿಡಿಯೊ ರೆಫರಿ ಬೇಕಿಲ್ಲ. ಪ್ರತಿ ಕೋಚ್‌ಗೆ ಪಂದ್ಯಕ್ಕೆ ಎರಡು ಮನವಿ. ಮನವಿ ಗೆದ್ದರೆ ಅದು ಉಳಿಯುತ್ತದೆ. ಅಂಚಿನ ಪರದೆಯಲ್ಲಿ ರೆಫರಿಯೇ ನೋಡಿ ತೀರ್ಪು ಹೇಳುತ್ತಾರೆ. ಕೆಲವೇ ಕ್ಯಾಮೆರಾಗಳಿರುವ ಟೂರ್ನಿಗಳಿಗೆಂದೇ ರೂಪಿಸಿದ ಈ ಪದ್ಧತಿ ಚೆನ್ನೈ, ಬೆಂಗಳೂರು, ಕೊಚ್ಚಿಯ ಪಂದ್ಯಗಳಿಗೆ ಧಾರಾಳವಾಗಿ ಸಾಕು. ಅಲ್ಲೆಲ್ಲ ಪ್ರಸಾರದ ಕ್ಯಾಮೆರಾಗಳು ಹೇಗೂ ಇವೆ.