ಕಸದ ಬಕೆಟ್ಟಿಗೆ ಹೋದ ಸಾಕ್ಷಿ

ಮೊನ್ನೆ ಕೆಂಗೇರಿ ಕಡೆ ಒಬ್ಬ ಪೌರಕಾರ್ಮಿಕ ಅಕ್ಕನ ಮನೆಗೆ ಹೋಗಿದ್ದೆ. ಮಗನಿಗೆ ಐದು ವರ್ಷ. ಕತ್ತು ನಿಲ್ಲಲ್ಲ, ಮಾತಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಇರೋದು ಎರಡೇ ಪದ: ಬರ್ತ್ ಆಸ್ಫಿಕ್ಸಿಯಾ. ಹುಟ್ಟುವಾಗ ಆಮ್ಲಜನಕ ಸಾಲಲಿಲ್ಲ ಅಂತ. ಯಾಕೆ ಅಂತ ಅಕ್ಕ ಕೇಳಿದ್ದಕ್ಕೆ ಹೆರಿಗೆ ವಾರ್ಡಿನಲ್ಲಿ ಸಿಕ್ಕ ಉತ್ತರ: "ನೀನು ಸರಿಯಾಗಿ ಮುಕ್ಕಲಿಲ್ಲ." ಮನೆಯಲ್ಲಿ ಸಿಕ್ಕ ಉತ್ತರ: "ನಿನ್ನ ಹಣೆಬರಹ." ಐದು ವರ್ಷದಿಂದ ಆ ತಾಯಿ ಅಪರಾಧಿ.

ಸಾಕ್ಷಿ ಇತ್ತು ಗೆಳೆಯರೇ. ಕಸದ ಬಕೆಟ್ಟಿಗೆ ಹೋಯ್ತು.

ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ಒಂದು ತುಂಡಿಗೆ ಎರಡೂ ಕಡೆ ಕ್ಲಾಂಪ್ ಹಾಕಿ, ಒಂದು ಎಂಎಲ್‌ನಷ್ಟು ರಕ್ತ ತೆಗೆದು ಬ್ಲಡ್ ಗ್ಯಾಸ್ ಮಷಿನ್‌ಗೆ ಕೊಟ್ಟರೆ ಕೆಲವೇ ನಿಮಿಷದಲ್ಲಿ ಅಂಕಿ ಬರುತ್ತೆ. ತಾಯಿಗೂ ಸೂಜಿ ಇಲ್ಲ, ಮಗುವಿಗೂ ಇಲ್ಲ. ಆಮ್ಲಜನಕ ಸಾಲದಾಗ ರಕ್ತದಲ್ಲಿ ಆಮ್ಲ ಏರುತ್ತೆ. ಪಿಎಚ್ 7.0ಕ್ಕಿಂತ ಕಡಿಮೆ, ಬೇಸ್ ಡೆಫಿಸಿಟ್ 12 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹೆರಿಗೆ ಹೊತ್ತಲ್ಲಿ ಮಗು ಉಸಿರಿಗೆ ಒದ್ದಾಡಿದೆ ಅನ್ನೋದಕ್ಕೆ ಅದು ಬಲವಾದ ಸೂಚನೆ. ಅಂಕಿ ಸರಿಯಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕು. ಆಗ ಡ್ಯೂಟಿ ನರ್ಸ್ ಕೂಡ ಆರೋಪದಿಂದ ಪಾರು.

"ಅಪ್ಗಾರ್ ಸ್ಕೋರ್ ಇದೆಯಲ್ಲ" ಅಂತಾರೆ. ಇದೆ, ಉಪಯೋಗದ್ದೇ. 1953ರಲ್ಲಿ ಅಮೆರಿಕದ ವೈದ್ಯೆ ವರ್ಜೀನಿಯಾ ಅಪ್ಗಾರ್ ಪ್ರಕಟಿಸಿದ್ದು. ಆದರೆ ಅದು ಕಣ್ಣಳತೆ. ಅದರ ಐದು ಲಕ್ಷಣಗಳಲ್ಲಿ ಒಂದು ಮೈಬಣ್ಣ. ಮೈಯೆಲ್ಲ ಗುಲಾಬಿ ಇದ್ದರೆ ಪೂರ್ತಿ 2 ಅಂಕ. ನಮ್ಮ ಕೇರಿಯ ಕಪ್ಪು ಕೂಸಿಗೆ ಗುಲಾಬಿ ಎಲ್ಲಿಂದ ತರೋಣ?

ದುಡ್ಡಿದ್ದವರು ಇದೇ ಬಳ್ಳಿಯ ರಕ್ತವನ್ನ ಸಾವಿರಾರು ರೂಪಾಯಿ ಕೊಟ್ಟು ಖಾಸಗಿ ಬ್ಯಾಂಕಲ್ಲಿ ಇಡಿಸ್ತಾರೆ, ಮುಂದೆ ಮಗುವಿಗೇ ಬೇಕಾದೀತು ಅಂತ. ಅದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಐಸಿಎಂಆರ್ ಹೇಳಿದೆ. ಆಧಾರ ಇಲ್ಲದ್ದಕ್ಕೆ ಜಾಹೀರಾತು, ಆಧಾರ ಇರೋ ಪರೀಕ್ಷೆಗೆ ಕೇಳೋರಿಲ್ಲ.

"ಪರೀಕ್ಷೆ ಮಾಡಿದರೆ ಮಗು ಗುಣ ಆಗುತ್ತಾ?" ಇಲ್ಲ. ಮಗುವಿನ ಮೈ ತಂಪು ಮಾಡಿ ಮೆದುಳು ಉಳಿಸೋ ಚಿಕಿತ್ಸೆಯ ಬಗ್ಗೆ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗಳೂ ಸೇರಿದಂತೆ ಮೂರು ದೇಶಗಳಲ್ಲಿ 408 ಮಕ್ಕಳ ಹೆಲಿಕ್ಸ್ ಅಧ್ಯಯನ ನಡೀತು. 2021ರಲ್ಲಿ ಫಲಿತಾಂಶ ಬಂತು: ಪ್ರಯೋಜನ ಕಾಣಲಿಲ್ಲ, ತಂಪು ಮಾಡಿದ ಮಕ್ಕಳಲ್ಲೇ ಸಾವು ಹೆಚ್ಚು. ಅಂದ್ಮೇಲೆ ಉಳಿದಿರೋದು ಮೊದಲೇ ತಡೆಯೋದು. ಯಾವ ವಾರ್ಡಲ್ಲಿ, ಯಾವ ಪಾಳಿಯಲ್ಲಿ, ಎಷ್ಟು ಮಕ್ಕಳಿಗೆ ಉಸಿರು ಸಾಲ್ತಿಲ್ಲ ಅನ್ನೋ ಲೆಕ್ಕವೇ ಇಲ್ಲದೆ ತಡೆಯೋದು ಹೇಗೆ?

ನಾವು ಭಿಕ್ಷೆ ಕೇಳ್ತಿಲ್ಲ. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಅಕ್ಕಂದಿರ ಸಂಬಳದಲ್ಲಿ ಇಎಸ್‌ಐಗೆ ಶೇ. 0.75 ಕಟ್ ಆಗುತ್ತೆ. ಸಾರ್ವಜನಿಕ ಆರೋಗ್ಯ ಸುಧಾರಿಸೋದು ಸರ್ಕಾರದ ಕರ್ತವ್ಯ ಅಂತ ಸಂವಿಧಾನದ 47ನೇ ವಿಧಿ ಹೇಳುತ್ತೆ. ಆ ಸಂವಿಧಾನ ಬರೆದ ಬಾಬಾಸಾಹೇಬರು ಮತ್ತು ರಮಾಬಾಯಿ ತಮ್ಮ ಐದು ಮಕ್ಕಳಲ್ಲಿ ನಾಲ್ವರನ್ನ ಎಳವೆಯಲ್ಲೇ ಕಳೆದುಕೊಂಡವರು.

ಹುಟ್ಟಿದಾಗ ಅಳದ, ಉಸಿರು ಕೊಡಿಸಬೇಕಾಗಿ ಬಂದ ಪ್ರತಿ ಮಗುವಿಗೂ ಈ ಪರೀಕ್ಷೆ ಆಗಲಿ. ಅಂಕಿ ತಾಯಿ ಕಾರ್ಡಲ್ಲಿ ಬರೀಲಿ. ವಿಜಯನಗರ, ರಾಜಾಜಿನಗರ, ಕೆಂಗೇರಿ, ಎಲ್ಲೇ ಇರಿ, ನಿಮ್ಮ ಏರಿಯಾದ ಆಶಾ ಅಕ್ಕಂದಿರ ಜೊತೆ ಮಾತಾಡಿ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಪ್ರಶ್ನೆ ಎತ್ತಿ.

ನಮ್ಮ ತಾಯಂದಿರು ಹಣೆಬರಹ ಓದಿದ್ದು ಸಾಕು. ಇನ್ನು ಕೇಸ್ ಶೀಟ್ ಓದಲಿ.

ಜೈ ಭೀಮ್.