ಶುದ್ಧಿಯ ಹೆಸರಿನಲ್ಲಿ ನುಂಗುವ ಗುಳಿಗೆ

ಭಾದ್ರಪದ ಶುಕ್ಲ ಪಂಚಮಿ ಸಮೀಪಿಸುತ್ತಿದ್ದಂತೆ ಸಾನಪಾಡಾದಿಂದ ಡೊಂಬಿವಲಿಯವರೆಗೆ ಹರಡಿರುವ ಕನ್ನಡ ಜೈನರ ಮನೆಗಳಲ್ಲಿ ಎರಡು ಲೆಕ್ಕಗಳು ಆರಂಭವಾಗುತ್ತವೆ. ಒಂದು ಉಪವಾಸ, ಏಕಭುಕ್ತಗಳ ಲೆಕ್ಕ. ಅದನ್ನು ಎಲ್ಲರೆದುರು ಹೇಳಿಕೊಳ್ಳುತ್ತಾರೆ. ಇನ್ನೊಂದು ಮನೆಯ ಹೆಂಗಸರ ತಿಂಗಳ ದಿನಗಳ ಲೆಕ್ಕ; ಅದು ಅಡುಗೆಮನೆಯ ಪಿಸುಮಾತಿನಲ್ಲಿ ನಡೆಯುತ್ತದೆ. ಎರಡೂ ತಾಳೆಯಾಗದಿದ್ದರೆ ಔಷಧದಂಗಡಿಗೆ ಯಾರನ್ನಾದರೂ ಓಡಿಸಲಾಗುತ್ತದೆ. ದಶಲಕ್ಷಣ ಪರ್ವ 10 ದಿನ, ಮುಟ್ಟು 4-5 ದಿನ, ಋತುಚಕ್ರ ಸುಮಾರು 28 ದಿನ. ಯಾವ ವರ್ಷವೇ ಆಗಲಿ, ಮುಟ್ಟಾಗುವ ವಯಸ್ಸಿನ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಪರ್ವದ ಒಂದಲ್ಲ ಒಂದು ದಿನ ‘ಅಡ್ಡಿ’ ಬಂದೇ ಬರುತ್ತದೆ. ಆದ್ದರಿಂದ ಈ ಗುಳಿಗೆ ಅಪರೂಪದ ತುರ್ತಿನದಲ್ಲ. ಪಂಚಾಂಗವೇ ಪ್ರತಿ ವರ್ಷ ಬರೆದುಕೊಡುವ ಚೀಟಿ ಅದು.

ಊರಿನ ತೊಟ್ಟಿಮನೆಯಲ್ಲಿ ಹೊರಗಾದವಳಿಗೆ ಕೂರಲು ಒಂದು ಮೂಲೆಯಿತ್ತು, ಅವಳ ಕೆಲಸ ಹೊರಲು ಬೇರೆ ನಾಲ್ಕು ಕೈಗಳಿದ್ದವು. ಆ ಪದ್ಧತಿ ನ್ಯಾಯವಾಗಿತ್ತೆಂದಲ್ಲ. ಆದರೆ ಅದು ಔಷಧವನ್ನು ಬೇಡುತ್ತಿರಲಿಲ್ಲ. ಸಾನಪಾಡಾದ ಒಂದು ಕೋಣೆಯ ಫ್ಲ್ಯಾಟಿನಲ್ಲಿ ಮೂಲೆಯೂ ಇಲ್ಲ, ಕೈಗಳೂ ಇಲ್ಲ. ನಿಯಮ ಮಾತ್ರ ಊರಿನಿಂದ ಜೊತೆಗೆ ಬಂದಿದೆ. ಅದಕ್ಕೆ ಬೇಕಾದ ಜಾಗವನ್ನು ಈಗ ಸ್ತ್ರೀಯ ದೇಹದೊಳಗೆ ಮಾಡಿಕೊಳ್ಳಲಾಗುತ್ತಿದೆ.

‘ಇದು ಗರ್ಭನಿರೋಧಕವಲ್ಲ, ಬರೀ ಮುಂದೂಡುವ ಗುಳಿಗೆ’ ಎಂಬ ಸಮಾಧಾನ ಹಿರಿಯರ ಬಾಯಲ್ಲಿ ಸಿದ್ಧವಾಗಿರುತ್ತದೆ. ಸಾಮಾನ್ಯವಾಗಿ ಬಳಕೆಯಾಗುವುದು ನೋರೆಥಿಸ್ಟೆರೋನ್. 5 ಮಿಲಿಗ್ರಾಂನ ಗುಳಿಗೆ, ದಿನಕ್ಕೆ ಮೂರು, ಮುಟ್ಟಿಗೆ ಮೂರು ದಿನ ಮೊದಲಿನಿಂದ. ಈ ಪ್ರಮಾಣದಲ್ಲಿ ನುಂಗಿದಾಗ ದೇಹವು ಅದರ ಒಂದಂಶವನ್ನು ಎಥಿನೈಲ್ ಎಸ್ಟ್ರಾಡಯೋಲ್ ಆಗಿ ಮಾರ್ಪಡಿಸುತ್ತದೆ. ಸಂಯುಕ್ತ ಗರ್ಭನಿರೋಧಕ ಗುಳಿಗೆಗಳಲ್ಲಿ ಇರುವ ಈಸ್ಟ್ರೋಜೆನ್ ಅದೇ. ರಕ್ತನಾಳದಲ್ಲಿ ಹೆಪ್ಪುಗಟ್ಟಿಸುವ ಅಪಾಯವೂ ಅದೇ ಜಾತಿಯದು. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಕೊಟ್ಟ ಅಂದಾಜು ಹೀಗಿದೆ: ಗುಳಿಗೆ ನುಂಗದ, ಗರ್ಭಿಣಿಯಲ್ಲದ 10,000 ಸ್ತ್ರೀಯರಲ್ಲಿ ವರ್ಷಕ್ಕೆ 2 ಮಂದಿಗೆ ಇಂಥ ಹೆಪ್ಪು ಉಂಟಾದರೆ, ಲೆವೊನಾರ್ಜೆಸ್ಟ್ರೆಲ್ ಇರುವ ಸಂಯುಕ್ತ ಗುಳಿಗೆ ನುಂಗುವವರಲ್ಲಿ 5ರಿಂದ 7, ಡ್ರೋಸ್ಪಿರೆನೋನ್ ಇರುವುದರಲ್ಲಿ 9ರಿಂದ 12.

ಈ ಸಂಖ್ಯೆಗಳು ಸಣ್ಣವು, ನಿಜ. ಬಸಿರು, ಬಾಣಂತನಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಸಂತಾನವನ್ನು ಮುಂದೂಡಲು ವೈದ್ಯರೊಡನೆ ಮಾತಾಡಿ ಗುಳಿಗೆ ಆರಿಸಿಕೊಂಡವಳು ವಿವೇಕದಿಂದಲೇ ನಡೆದುಕೊಂಡಿದ್ದಾಳೆ. ಅವಳನ್ನು ಹೆದರಿಸುವುದು ಮತ್ತೊಂದು ಬಗೆಯ ಅನ್ಯಾಯ. ಆದರೆ ಪೂಜೆಗಾಗಿ ನುಂಗುವವಳ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇರುವುದೇನು? ಅಭಿಷೇಕದ ಸಾಲಿನಲ್ಲಿ ಒಂದು ಸ್ಥಾನ, ಅತ್ತೆಯ ಮುಖದಲ್ಲಿ ಒಂದು ನಗೆ. ಅವಳಿಗೆ ರಕ್ತದೊತ್ತಡವಿದೆಯೇ, ಕಣ್ಣು ಮಂಜಾಗುವ ಮೈಗ್ರೇನ್ ಇದೆಯೇ, ತಾಯಿಗೋ ಅಕ್ಕನಿಗೋ ಹಿಂದೆ ಹೆಪ್ಪುಗಟ್ಟಿತ್ತೇ, ಶ್ರವಣಬೆಳಗೊಳಕ್ಕೆ ರಾತ್ರಿಯಿಡೀ ಕಾಲು ಮಡಚಿ ಬಸ್ಸಿನಲ್ಲಿ ಕೂರಲಿದ್ದಾಳೆಯೇ ಎಂದು ಕೇಳುವವರಿಲ್ಲ. 2025ರ ಆಗಸ್ಟ್‌ನಲ್ಲಿ ರಕ್ತನಾಳ ಶಸ್ತ್ರಚಿಕಿತ್ಸಕರೊಬ್ಬರು ಸಾರ್ವಜನಿಕವಾಗಿ ಹೇಳಿದ ಪ್ರಕರಣ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು: ಮನೆಯ ಪೂಜೆಗಾಗಿ ಮುಟ್ಟು ಮುಂದೂಡುವ ಗುಳಿಗೆ ನುಂಗಿದ್ದ 18ರ ಹುಡುಗಿ; ಕಾಲುನೋವು, ಬಾವು; ಹೊಕ್ಕುಳದವರೆಗೆ ಏರಿದ್ದ ಹೆಪ್ಪು. ಕೂಡಲೇ ದಾಖಲಿಸಿ ಎಂದರೆ ಬೆಳಗ್ಗೆ ಕರೆತರುವೆನೆಂದರು ತಂದೆ. ಆ ಬೆಳಗನ್ನು ಅವಳು ಕಾಣಲಿಲ್ಲ.

ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ನಂತರ ಉಣ್ಣದ ಸಮಾಜವಿದು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಡುತ್ತದೆ. ಸೊಸೆಯ ಕೈಗೆ ಕೇಳದೆ, ತಿಳಿಯದೆ ಹಾರ್ಮೋನ್ ಗುಳಿಗೆ ಇಡುವುದಕ್ಕಿಂತ ಸ್ಪಷ್ಟವಾದ ಪ್ರಮಾದ ಯಾವುದು? ಬಟ್ಟೆಯಲ್ಲಿ ಸೋಸಿದ ನೀರಿನಿಂದಲೇ ಅದನ್ನು ನುಂಗಿಸಲಾಗುತ್ತದೆ ಎಂಬುದು ಬೇರೆ ಮಾತು.

‘ಅವಳೇ ಒಪ್ಪಿ ನುಂಗಿದಳು’ ಎಂಬ ಉತ್ತರ ಬರುತ್ತದೆ. ಒಪ್ಪಿಗೆ ಎಂದರೇನೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ, ಸಮೀರಾ ಕೊಹ್ಲಿ ಪ್ರಕರಣದಲ್ಲಿ ಬಿಡಿಸಿ ಹೇಳಿದೆ: ಚಿಕಿತ್ಸೆಯ ಸ್ವರೂಪ, ಅದರ ಗಣನೀಯ ಅಪಾಯಗಳು, ಪರ್ಯಾಯಗಳು ಇವನ್ನು ತಿಳಿಸದೆ ಪಡೆದದ್ದು ಒಪ್ಪಿಗೆಯಲ್ಲ. ಇಲ್ಲಿ ಪರ್ಯಾಯವೆಂದರೆ ನುಂಗದಿರುವುದು. ಅದನ್ನು ಅವಳಿಗೆ ಯಾರು ತಿಳಿಸಿದರು?

ತೊಂದರೆಗೊಳಗಾದವರಿಗೆ ಕಾನೂನಿನ ದಾರಿ ಇಲ್ಲದಿಲ್ಲ. ಹಣ ಪಡೆದು ನೀಡುವ ವೈದ್ಯಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಸೇರುತ್ತದೆಂದು ವಿ. ಪಿ. ಶಾಂತಾ ಪ್ರಕರಣದಲ್ಲಿ 1995ರಲ್ಲೇ ತೀರ್ಮಾನವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು; ಸಾನಪಾಡಾದವರಿಗೆ ಅದು ಠಾಣೆ ಜಿಲ್ಲೆ. ಗಡುವು ಎರಡು ವರ್ಷ. ರೋಗಿ ತೀರಿಕೊಂಡಿದ್ದರೆ ವಾರಸುದಾರರು ಮುಂದುವರಿಯಬಹುದು. ಚಿಕಿತ್ಸೆಯ ದಾಖಲೆ ಕೇಳಿದರೆ ವೈದ್ಯರು 72 ಗಂಟೆಯೊಳಗೆ ಕೊಡಬೇಕು. ಚೀಟಿಯಿಲ್ಲದೆ ಮಾರಿದ ಅಂಗಡಿಯ ಮೇಲೆ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತಕ್ಕೆ ದೂರಬಹುದು. ದುಷ್ಪರಿಣಾಮವನ್ನು 1800-180-3024ಕ್ಕೆ ಕರೆ ಮಾಡಿ ದಾಖಲಿಸಬಹುದು.

ತಯಾರಕರ ಮೇಲಿನ ದಾವೆ ಕಠಿಣ. ಅಮೆರಿಕದಲ್ಲಿ ಯಾಜ್, ಯಾಸ್ಮಿನ್ ಗುಳಿಗೆಗಳ ದಾವೆಗಳನ್ನು ಇತ್ಯರ್ಥಪಡಿಸಲು ಬೇಯರ್ ಸಂಸ್ಥೆ 100 ಕೋಟಿ ಡಾಲರ್‌ಗೂ ಹೆಚ್ಚು ತೆತ್ತಿತು. ಇಲ್ಲಿಯ ಕಾಯ್ದೆಯ 87ನೇ ಕಲಂ ಮಾತ್ರ, ತಜ್ಞರ ಮೇಲ್ವಿಚಾರಣೆಯಲ್ಲೇ ಬಳಸಬೇಕಾದ ವಸ್ತುವಿನ ಬಗ್ಗೆ ತಜ್ಞರಿಗೆ ಎಚ್ಚರಿಕೆ ಕೊಟ್ಟಿದ್ದರೆ ಸಾಕು, ತಯಾರಕರನ್ನು ಬಿಟ್ಟುಬಿಡುತ್ತದೆ. ಚೀಟಿಯಿಲ್ಲದೆ, ರಸೀದಿಯಿಲ್ಲದೆ ಗುಟ್ಟಾಗಿ ತರಿಸಿದ ಗುಳಿಗೆಗೆ ಸಾಕ್ಷಿಯೇ ಇರುವುದಿಲ್ಲ. ಮರ್ಯಾದೆಗೆಂದು ಮುಚ್ಚಿಟ್ಟ ಗುಟ್ಟೇ ಕೊನೆಗೆ ಅಂಗಡಿಯವನನ್ನೂ ಕಂಪನಿಯನ್ನೂ ಕಾಯುತ್ತದೆ.

ಲೆಕ್ಕ ಹಾಕಿಸಿದ ಅತ್ತೆಯನ್ನು, ನಿಯಮ ವಿಧಿಸಿದ ಪೂಜಾ ಸಮಿತಿಯನ್ನು ಗ್ರಾಹಕ ಆಯೋಗಕ್ಕೆ ಎಳೆಯಲು ಬಾರದು. ಪರ್ವದ ಆಮಂತ್ರಣ ಪತ್ರಿಕೆಯಲ್ಲಿ ದಾನಿಗಳ ಹೆಸರಿಗೆ ಎರಡು ಪುಟ ಮೀಸಲಿಡುವ ಆ ಸಮಿತಿಗಳು ಒಂದು ಸಾಲು ಹೆಚ್ಚಿಗೆ ಅಚ್ಚುಹಾಕಿಸಲಿ: ಈ ಪರ್ವಕ್ಕಾಗಿ ಯಾವ ಶ್ರಾವಕಿಯೂ ಗುಳಿಗೆ ನುಂಗಬೇಕಾಗಿಲ್ಲ. ಬರುವ ಭಾದ್ರಪದದ ಪತ್ರಿಕೆಗಳು ಇನ್ನೂ ಅಚ್ಚಿಗೆ ಹೋಗಿಲ್ಲ.